ನಾಲ್ಕು ಭಾನುವಾರ, ನಾಲ್ಕು ಮೇಣದಬತ್ತಿ

ಕ್ರಿಸ್ಮಸ್ ಎಂದರೆ ಡಿಸೆಂಬರ್ 25ರ ಒಂದು ದಿನದ ಹಬ್ಬವೆಂದು ಹಲವರು ತಿಳಿದಿದ್ದಾರೆ. ಆದರೆ ಲ್ಯಾಟಿನ್ ಕ್ರಮದ ಕ್ಯಾಥೊಲಿಕ್ ಹಾಗೂ ಸಿ.ಎಸ್.ಐ. ಚರ್ಚ್‌ಗಳಲ್ಲಿ ಅದರ ಸಿದ್ಧತೆ ನಾಲ್ಕು ಭಾನುವಾರ ಮೊದಲೇ ಶುರುವಾಗುತ್ತದೆ. ಇದೇ ಆಗಮನ ಕಾಲ, ಅಂದರೆ ಅಡ್ವೆಂಟ್. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ.

ಆಗ ಚರ್ಚ್‌ನಲ್ಲಿ ಹಸಿರೆಲೆಯ ದುಂಡನೆಯ ಹಾರದ ನಡುವೆ ನಾಲ್ಕು ಮೇಣದಬತ್ತಿ ಇಟ್ಟಿರುವುದನ್ನು ನೀವು ನೋಡಿರಬಹುದು. ಈ ಪದ್ಧತಿ ಹುಟ್ಟಿದ್ದು ಮಕ್ಕಳ ಒಂದು ಪ್ರಶ್ನೆಯಿಂದ ಎನ್ನುತ್ತಾರೆ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಖ್ ವಿಶರ್ನ್ ಎಂಬವರು 1833ರಲ್ಲಿ ಬಡ, ನಿರ್ಗತಿಕ ಮಕ್ಕಳಿಗಾಗಿ ‘ರೌಹೆಸ್ ಹೌಸ್’ ಎಂಬ ಆಶ್ರಯಧಾಮ ತೆರೆದರು. ಕ್ರಿಸ್ಮಸ್ ಯಾವಾಗ ಬರುತ್ತದೆ ಎಂದು ಮಕ್ಕಳು ದಿನವೂ ಕೇಳುತ್ತಿದ್ದರು. 1839ರಲ್ಲಿ ಅವರು ಹಳೆಯ ಗಾಡಿಚಕ್ರವೊಂದರ ಮೇಲೆ ಭಾನುವಾರಗಳಿಗೆ 4 ದೊಡ್ಡ ಬಿಳಿ ಮೇಣದಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಮೇಣದಬತ್ತಿ ಇಟ್ಟರು. ದಿನಕ್ಕೊಂದು ಹಚ್ಚಿದರೆ ಮಕ್ಕಳೇ ದಿನ ಎಣಿಸಬಹುದಿತ್ತು. ಮುಂದೆ ಇದು ಮನೆಮನೆಗೆ ಹರಡಿದಾಗ ನಾಲ್ಕು ಮಾತ್ರ ಉಳಿದವು. ಕ್ಯಾಥೊಲಿಕರಲ್ಲಿ ಸಾಮಾನ್ಯವಾಗಿ ಮೂರು ನೇರಳೆ ಬಣ್ಣದವು. ಸಂತೋಷದ ಭಾನುವಾರವಾದ ಮೂರನೆಯದಕ್ಕೆ ಗುಲಾಬಿ ಬಣ್ಣ.

ಮನೆಯಲ್ಲಿ ಮಾಡಲು ಹೆಚ್ಚು ಖರ್ಚಿಲ್ಲ. ಒಂದು ತಟ್ಟೆ, ನಾಲ್ಕು ಮೇಣದಬತ್ತಿ, ಸುತ್ತ ಹಿತ್ತಲಿನ ಹಸಿರೆಲೆ ಸಾಕು. ಮೊದಲ ಭಾನುವಾರ ಒಂದು, ಎರಡನೆಯದಕ್ಕೆ ಎರಡು, ಹೀಗೆ ಸಂಜೆ ಊಟಕ್ಕೆ ಮುಂಚೆ ಮನೆಯವರೆಲ್ಲ ಕೂಡಿ ಹಚ್ಚಬೇಕು. ಮಕ್ಕಳ ಕೈಯಿಂದಲೇ ಹಚ್ಚಿಸಿ, ಆದರೆ ದೊಡ್ಡವರು ಪಕ್ಕದಲ್ಲಿರಿ.

ಹಾರ ಅಂದವಾಗಿಲ್ಲವೆಂದು ಸಂಕೋಚ ಬೇಡ. ಮೊದಲನೆಯದು ಹಳೇ ಚಕ್ರ, ಅದರ ಸುತ್ತ ನಿಂತವರು ದಿಕ್ಕಿಲ್ಲದ ಮಕ್ಕಳು. ಆದ್ದರಿಂದ ಪಕ್ಕದ ಮನೆಯ ಮಗುವನ್ನೂ ಕರೆಯಿರಿ.