ಹಳೆಯ ಎಸ್‌ಯುವಿಗೆ 100 ವ್ಯಾಟ್ ಬಲ್ಬ್ ಹಾಕಿದರೆ ರಾತ್ರಿ ದಾರಿ ಚೆನ್ನಾಗಿ ಕಾಣುತ್ತದೆಯೇ?

ಕಲಬುರಗಿಯಿಂದ ಕಮಲಾಪುರದ ಕಡೆ ಹುಮನಾಬಾದ್ ರಸ್ತೆ ಹಿಡಿದರೆ ನಡುವೆ ಮಹಾಗಾಂವ ಕ್ರಾಸ್ ಸಿಗುತ್ತದೆ. ಸುಗ್ಗಿಯ ದಿನಗಳಲ್ಲಿ ಇಂಥ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸುವವರನ್ನು ಕಾಡುವ ಭಯ ಒಂದೇ: ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್. ಅದು ಕಾಣುವುದು ನಮ್ಮ ಹೆಡ್‌ಲೈಟ್ ಬೆಳಕಿನಲ್ಲಷ್ಟೇ. ಹಾಗಾಗಿಯೇ ಹಳೆಯ ಸುಮೊ, ಬೊಲೆರೊ ಇಟ್ಟುಕೊಂಡವರು ಮನೆಯಲ್ಲೇ ಮಾಡುವ ಮೊದಲ ಬದಲಾವಣೆ ಬಲ್ಬಿನದು. ಹೆಚ್ಚು ವ್ಯಾಟ್ ಎಂದರೆ ಹೆಚ್ಚು ಬೆಳಕು ಎಂಬ ಲೆಕ್ಕ.

ಆದರೆ ಹಳೆಯ ಗಾಡಿಯಲ್ಲಿ ಬೆಳಕು ಮಂಕಾಗಲು ಬಲ್ಬ್ ಕಾರಣವಾಗಿರುವುದು ಕಡಿಮೆ. ಹದಿನೈದು ಇಪ್ಪತ್ತು ವರ್ಷದಲ್ಲಿ ಸ್ವಿಚ್ಚು, ಕನೆಕ್ಟರು, ಅರ್ಥ್ ತಂತಿಯ ತುದಿಗಳು ಕಿಲುಬು ಹಿಡಿದು, ಬಲ್ಬಿಗೆ ತಲುಪುವ ವೋಲ್ಟೇಜ್ ಇಳಿದಿರುತ್ತದೆ. ಹ್ಯಾಲೊಜೆನ್ ಬಲ್ಬಿನ ಗುಣವೇ ವಿಚಿತ್ರ: ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ.

ಇಂಥ ತಂತಿಗೆ 100 ವ್ಯಾಟ್ ಬಲ್ಬ್ ಸಿಕ್ಕಿಸಿದರೆ ಏನಾಗುತ್ತದೆ? 12 ವೋಲ್ಟ್‌ನಲ್ಲಿ 60 ವ್ಯಾಟ್ ಬಲ್ಬ್ 5 ಆಂಪಿಯರ್ ಎಳೆದರೆ, 100 ವ್ಯಾಟ್‌ನದು 8.3 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದು ಹೆಚ್ಚುಕಡಿಮೆ 2.8 ಪಟ್ಟು. ಹೋಲ್ಡರ್ ಕರಗುವುದು ಇದರಿಂದಲೇ. ಕರೆಂಟು ಹೆಚ್ಚಿದಷ್ಟೂ ವೋಲ್ಟೇಜ್ ಇನ್ನಷ್ಟು ಇಳಿಯುವುದರಿಂದ, ಆ ಬಲ್ಬಿಗೆ ತನ್ನ ಪೂರ್ತಿ ಬೆಳಕೂ ದಕ್ಕುವುದಿಲ್ಲ.

ಎಲ್‌ಇಡಿ ಹಾಕಿದರೆ?

ಕರೆಂಟಿನ ತೊಂದರೆ ತಪ್ಪುತ್ತದೆ, ಇನ್ನೊಂದು ಶುರುವಾಗುತ್ತದೆ. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾದ ಎಚ್4 ಬಲ್ಬಿನೊಳಗೆ ಎರಡು ತಂತುಗಳಿವೆ. ಡಿಪ್ ತಂತುವಿನ ಕೆಳಗೆ ಸಣ್ಣ ಲೋಹದ ತಗಡು ಇರುತ್ತದೆ; ಮೇಲಕ್ಕೆ ಹೋಗಬೇಕಾದ ಬೆಳಕನ್ನು ತಡೆಯುವುದೇ ಅದರ ಕೆಲಸ. ಹಿಂದಿನ ರಿಫ್ಲೆಕ್ಟರನ್ನು ತಂತು ಇರುವ ಆ ಒಂದು ಜಾಗಕ್ಕೆ ಲೆಕ್ಕಹಾಕಿ ರೂಪಿಸಿರುತ್ತಾರೆ. ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಸರಿದರೂ ಕಿರಣಗಳು ಚೆದುರುತ್ತವೆ. ಬಾನೆಟ್ ಮುಂದಿನ ಹತ್ತು ಹೆಜ್ಜೆ ಝಗಝಗ ಹೊಳೆಯುತ್ತದೆ, ನಮಗೆ ಖುಷಿ. ದೂರದ ರಸ್ತೆ ಮಾತ್ರ ಇನ್ನೂ ಕಪ್ಪು. ಎದುರಿನ ಬೈಕ್ ಸವಾರನ ಕಣ್ಣು ಕೋರೈಸುತ್ತದೆ. ಆತ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದು, ಎರಡು ಸೆಕೆಂಡ್ ಏನೂ ಕಾಣದಿದ್ದರೆ 33 ಮೀಟರ್ ಕುರುಡಾಗಿ ಸಾಗಿರುತ್ತಾನೆ.

ಹಾಗಾದರೆ ಏನು ಮಾಡಬೇಕು? ಗಾಡಿ ಚಾಲೂ ಇಟ್ಟು, ದೀಪ ಹಚ್ಚಿ, ಮಲ್ಟಿಮೀಟರ್‌ನಿಂದ ಮೊದಲು ಬ್ಯಾಟರಿಯ, ಆಮೇಲೆ ಬಲ್ಬಿನ ಕನೆಕ್ಟರ್ ಪಿನ್‌ಗಳ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಒಂದು ವೋಲ್ಟಿನಷ್ಟಿದ್ದರೆ ತಪ್ಪು ತಂತಿಯದು. ಅರ್ಥ್ ತುದಿ ಉಜ್ಜಿ, ದಪ್ಪ ತಂತಿ ಮತ್ತು ರಿಲೇ ಹಾಕಿಸಿ; ಬ್ಯಾಟರಿಯ ಬಳಿಯೇ ಫ್ಯೂಸ್ ಇರಲಿ. ಬಲ್ಬ್ ಮೂಲ ವ್ಯಾಟಿನದೇ ಸಾಕು. ಇದಕ್ಕೆ ತಗಲುವ ಖರ್ಚು ಹೆಚ್ಚಿನದಲ್ಲ, ಆದರೆ ನೋಡುಗರಿಗೆ ಕಾಣುವ ಕೆಲಸವೂ ಅಲ್ಲ. ಬಹುಶಃ ಅದಕ್ಕೇ ಯಾರೂ ಮಾಡಿಸುವುದಿಲ್ಲ.

ದೊಡ್ಡ ಟೈರಿನ ಕತೆಯೂ ಇಂಥದ್ದೇ. 215/75 ಆರ್15 ಬದಲು 235/75 ಆರ್15 ಹಾಕಿದರೆ ಗಾಡಿ ಎತ್ತರವಾಗುವುದು ಬರೀ 15 ಮಿ.ಮೀ.; ಮೀಟರ್ 80 ತೋರಿಸುವಾಗ ನಿಜವಾದ ವೇಗ ಅದಕ್ಕಿಂತ ಶೇ 4ರಷ್ಟು ಹೆಚ್ಚಿರುತ್ತದೆ. ಆ ದುಡ್ಡಿಗೆ ಬ್ರೇಕ್ ಆಯಿಲ್ ಬದಲಿಸಿ. ತೇವ ಹೀರಿದ ಹಳೆಯ ಬ್ರೇಕ್ ಆಯಿಲ್ ಬೇಗ ಕುದಿಯುತ್ತದೆ, ಕುದ್ದರೆ ಪೆಡಲ್ ಮೆತ್ತಗಾಗುತ್ತದೆ.

ಮುಂದಿನ ಕಬ್ಬಿಣದ ಗಾರ್ಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಪಾದಚಾರಿಗೆ ಅಪಾಯ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. 15 ವರ್ಷ ತುಂಬಿದ ಖಾಸಗಿ ಗಾಡಿ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಲೇಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ನಿಯಮದ ಪ್ರಕಾರ ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಡಿಪ್ ಬೆಳಕು ಕೋರೈಸಬಾರದು. ಸಮತಟ್ಟು ಜಾಗದಲ್ಲಿ ಗೋಡೆಯಿಂದ 8 ಮೀಟರ್ ಹಿಂದೆ ಗಾಡಿ ನಿಲ್ಲಿಸಿ, ಗೋಡೆಯ ಮೇಲೆ 1.5 ಮೀಟರ್ ಎತ್ತರಕ್ಕೆ ಸುಣ್ಣದ ಗೆರೆ ಎಳೆದು ಡಿಪ್ ಹಚ್ಚಿ. ಮನೆಯವರು ಕುಳಿತು, ಹಿಂದಿನ ಸೀಟೂ ತುಂಬಿರುವಾಗ ಇನ್ನೊಮ್ಮೆ ನೋಡಿ. ಹಿಂಭಾಗ ತಗ್ಗಿದರೆ ಬೆಳಕು ಮೇಲೇರುತ್ತದೆ.