ಹಳೇ ಗೇಮ್ ಮಬ್ಬಾಗಿಲ್ಲ, ಟಿವಿ ಬದಲಾಗಿದೆ!

ಮನೆಯ ಅಟ್ಟದ ಮೇಲೆ ಹಳೆಯ ಪ್ಲೇಸ್ಟೇಷನ್ 2 ಇದೆಯಾ? ದೂಳು ಒರೆಸಿ, ಹಾಲ್‌ನಲ್ಲಿರುವ ದೊಡ್ಡ ಎಲ್‌ಇಡಿ ಟಿವಿಗೆ ಜೋಡಿಸಿ ನೋಡಿ. ‘ಅಯ್ಯೋ, ಈ ಗೇಮ್ ಇಷ್ಟು ಕೆಟ್ಟದಾಗಿತ್ತಾ?’ ಅನ್ನಿಸದಿದ್ದರೆ ಕೇಳಿ. ಮಬ್ಬು ಅಕ್ಷರ, ಊದಿಕೊಂಡ ಮುಖ, ಓಡುವ ಕಾರಿನ ಅಂಚಿಗೆ ಬಾಚಣಿಗೆಯ ಹಲ್ಲು. ಬಟನ್ ಒತ್ತಿದರೆ ಕಾರು ತಿರುಗುವುದೂ ತಡ!

ಇದರಲ್ಲಿ ಗೇಮ್‌ನ ತಪ್ಪೇನಿಲ್ಲ. ಅದನ್ನು ಮಾಡಿದವರ ಕಣ್ಣೆದುರು ಇದ್ದದ್ದು ಡಬ್ಬದಂಥ ಸಿಆರ್‌ಟಿ ಟಿವಿ. ಮೊದಲ ಪ್ಲೇಸ್ಟೇಷನ್‌ನ ಎಷ್ಟೋ ಗೇಮ್‌ಗಳ ಚಿತ್ರ 320x240, ಅಂದರೆ 76,800 ಪಿಕ್ಸೆಲ್. ಫುಲ್ ಎಚ್‌ಡಿ ಪರದೆಯಲ್ಲಿ ಇರುವುದು 20,73,600. ಒಂದು ಚುಕ್ಕಿಯನ್ನು 27 ಚುಕ್ಕಿಗಳ ಜಾಗಕ್ಕೆ ಹಿಗ್ಗಿಸಿದರೆ ಮಬ್ಬಾಗದೆ ಇನ್ನೇನಾದೀತು?

ಇನ್ನೊಂದು ಸಂಗತಿ ಇದೆ. ಪಿಎಸ್2 ಸಾಮಾನ್ಯವಾಗಿ ಚಿತ್ರವನ್ನು ಎರಡು ಕಂತಿನಲ್ಲಿ ಕಳಿಸುತ್ತದೆ: ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಸಿಆರ್‌ಟಿ ಬಂದದ್ದನ್ನು ಬಂದ ಹಾಗೇ ಬಿಡಿಸುತ್ತಿತ್ತು. ಹೊಸ ಟಿವಿ ಎರಡನ್ನೂ ಹೊಲಿದು, ಹಿಗ್ಗಿಸಿ, ತಿದ್ದಿ ತೋರಿಸುತ್ತದೆ. ಬಾಚಣಿಗೆಯ ಹಲ್ಲು ಮೂಡುವುದು ಈ ಹೊಲಿಗೆಯಲ್ಲಿ; ತಡವಾಗುವುದೂ ಈ ಕೆಲಸದಿಂದಲೇ.

ಹಳಬರ ಜಾಣತನ ನೋಡಿ. 1991ರ ‘ಸೋನಿಕ್ ದಿ ಹೆಡ್ಜ್‌ಹಾಗ್’ನ ಜಲಪಾತ ನಿಜಕ್ಕೂ ಬರೀ ಉದ್ದುದ್ದ ಪಟ್ಟಿಗಳು. ಹಳೆಯ ವಿಡಿಯೊ ಕೇಬಲ್‌ನಲ್ಲಿ ಅವು ಒಂದಕ್ಕೊಂದು ಬೆರೆತು ಪಾರದರ್ಶಕ ನೀರಾಗುತ್ತಿದ್ದವು. ಸ್ಪಷ್ಟ ಪರದೆಯಲ್ಲಿ ಪಟ್ಟಿ ಪಟ್ಟಿಯಾಗಿಯೇ ಕಾಣುತ್ತದೆ! ‘ಡಕ್ ಹಂಟ್’ನ ಬಂದೂಕಿನ ಕಥೆ ಇನ್ನೂ ಮಜಾ. ಕುದುರೆ ಎಳೆದ ಕೂಡಲೇ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿನುಗುತ್ತದೆ. ಬಂದೂಕಿನೊಳಗಿನ ಸೆನ್ಸರ್ ಆ ಬೆಳಕನ್ನು ಹಿಡಿದರೆ ಗುರಿ ಸರಿ. ಹೊಸ ಟಿವಿಯಲ್ಲಿ ಬೆಳಕು ತಡವಾಗಿ ಬರುವುದರಿಂದ ಎಷ್ಟು ಹೊಡೆದರೂ ಬಾತುಕೋಳಿ ಹಾರಿಕೊಂಡೇ ಇರುತ್ತದೆ.

ನಮ್ಮ ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರು ಬಿಟ್ಟುಹೋದ ಪಿಎಸ್2ವನ್ನು ಗುಜರಿಗೆ ಹಾಕುವ ಮಾತು ನಡೆದಿತ್ತು. ಹೊಸದು ಕೊಳ್ಳುವಷ್ಟು ದುಡ್ಡು ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ನಾನು ಟಿವಿಯ ರಿಮೋಟ್ ಹಿಡಿದು ಕೂತೆ. ಚಿತ್ರದ ಅಳತೆಯನ್ನು 16:9ರಿಂದ 4:3ಕ್ಕೆ ತಂದಾಗ ಊದಿದ ಮುಖಗಳು ಸರಿಯಾದವು. ಗೇಮ್ ಮೋಡ್ ಹಾಕಿದಾಗ ತಡ ಕಡಿಮೆಯಾಯಿತು. ಶಾರ್ಪ್‌ನೆಸ್ ಇಳಿಸಿದಾಗ ಅಂಚಿನ ಒರಟು ತಗ್ಗಿತು. ಖರ್ಚು ಸೊನ್ನೆ. ಗುಜರಿಯ ಮಾತು ಅಲ್ಲಿಗೇ ನಿಂತಿತು.

ಟಿವಿಯಲ್ಲಿ ಜಾಗವಿದ್ದರೆ ಹಳದಿ ಪಿನ್ ಬಿಟ್ಟು ಕಾಂಪೊನೆಂಟ್ ಕೇಬಲ್ ಬಳಸಿ. ಕನ್ಸೋಲ್‌ನ ಸಿಸ್ಟಂ ಮೆನುವಿನಲ್ಲೂ ಅದನ್ನೇ ಆರಿಸಿ. ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಬಣ್ಣ, ಬೆಳಕು ಕಲಸಿಕೊಂಡು ಬರುತ್ತವೆ. ಇದರಲ್ಲಿ ಬೇರೆ ಬೇರೆಯಾಗಿ ಬರುತ್ತವೆ. ಎಮ್ಯುಲೇಟರ್‌ನಲ್ಲಿ ಆಡುವವರು ‘ಇಂಟಿಜರ್ ಸ್ಕೇಲಿಂಗ್’ ಆರಿಸಿ. 240 ಗೆರೆಗಳು ಸರಿಯಾಗಿ ನಾಲ್ಕು ಪಟ್ಟಾಗಿ 960 ಆಗುತ್ತವೆ. ಮೇಲೆ, ಕೆಳಗೆ ತುಸು ಕಪ್ಪು ಜಾಗ ಉಳಿದರೂ ಚಿತ್ರ ಚೊಕ್ಕ.

ಇಂಟರ್‌ಲೇಸಿಂಗ್, ಸ್ಕೇಲಿಂಗ್, ಲೇಟೆನ್ಸಿ ಎಲ್ಲವೂ ನಾವು ಪರೀಕ್ಷೆಗೆಂದು ಉರು ಹೊಡೆಯುವ ಪದಗಳೇ. ಇಂಟರ್‌ವ್ಯೂನಲ್ಲಿ ಯಾರಾದರೂ ಕೇಳಿದರೆ ವ್ಯಾಖ್ಯೆ ಒಪ್ಪಿಸುವುದಕ್ಕಿಂತ ಬಾತುಕೋಳಿಯ ಕಥೆ ಹೇಳಿ ನೋಡಿ. ಯಾವ ಯಂತ್ರವೇ ಆಗಲಿ, ಕೆಟ್ಟಿದೆ ಎಂದು ಎಸೆಯುವ ಮೊದಲು ಅದು ಯಾವುದರ ಜೊತೆ ಕೆಲಸ ಮಾಡಲೆಂದು ಹುಟ್ಟಿತ್ತು ಎಂದು ಕೇಳುವುದೂ ಎಂಜಿನಿಯರಿಂಗೇ ಅಲ್ಲವೇ?