ಹಾಸಿಗೆ ಇದ್ದಷ್ಟು ಟೈರು

ಮೈಸೂರು ಕಡೆಯವರಿಗೆ ಜಾವಾ ಎಂದರೆ ದ್ವೀಪವಲ್ಲ, ಮೋಟರ್ ಸೈಕಲ್ಲು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇದರ ತಯಾರಿಕೆ ಆರಂಭವಾಯಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಲಿವರು. ಒಮ್ಮೆ ಕಂಡವರು ಮರೆಯುವ ಗಾಡಿಯಲ್ಲ.

ಅಂಥ ಯೆಜ್ಡಿ 250 ಒಂದು ಹಡಗೇರಿ ಅಮೆರಿಕಕ್ಕೆ ಬಂದು, ನಮ್ಮ ಕೂಟದ ಮಿತ್ರರೊಬ್ಬರ ಗರಾಜಿನಲ್ಲಿದೆ. ಅವರ ತಂದೆಯವರು ಮೈಸೂರಿನಲ್ಲಿ ಓಡಿಸುತ್ತಿದ್ದದ್ದು. ಈಗ ಕಾಲೇಜು ಸೇರಿರುವ ಮೊಮ್ಮಗಳು ಲೈಸೆನ್ಸು ಪಡೆದು, ತಾತನ ಗಾಡಿ ತನಗೇ ಬೇಕೆನ್ನುತ್ತಾಳೆ. ಆದರೆ ಮಳೆ ಬಿದ್ದ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. “ಅಗಲದ ಟೈರು ಹಾಕಿಸಿದರೆ ಸರಿಹೋದೀತೇ?” ಎಂದು ಮಿತ್ರರು ಕೇಳಿದರು. ಮಗಳ ಮೈಕೈ ಕಾಪಾಡುವ ವಿಷಯ. ಅಂದಾಜಿನ ಮಾತು ಸಾಲದು. ನಾವು ಅಳೆಯಲು ಕುಳಿತೆವು.

ಈ ಗಾಡಿಯ ಟೈರಿನ ಅಳತೆ 3.25-16. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಹಳೆಯ ಮಾದರಿಯ ಟೈರುಗಳಲ್ಲಿ ಅಗಲ ಎಷ್ಟೋ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. 3.25 ಎಂದರೆ ಸುಮಾರು 83 ಮಿಲಿಮೀಟರು, 3.50 ಎಂದರೆ 89, 4.00 ಎಂದರೆ 102. ಮಿತ್ರರ ಮನಸ್ಸು 4.00ರ ಮೇಲಿತ್ತು.

ಜಾವಾ, ಯೆಜ್ಡಿಗಳಲ್ಲಿ ಚೈನು ಪೂರ್ತಿ ಮುಚ್ಚಿದ ಕವಚದೊಳಗೆ ಓಡುತ್ತದೆ. ಮಳೆ, ಧೂಳಿಗೆ ಅದು ಒಳ್ಳೆಯ ರಕ್ಷಣೆ, ಆದರೆ ಟೈರಿನ ಪಕ್ಕದ ಜಾಗವನ್ನು ತಾನು ನುಂಗುತ್ತದೆ. ನಾವು ಅಳೆದಾಗ ಟೈರಿಗೂ ಕವಚಕ್ಕೂ ನಡುವೆ 8 ಮಿಲಿಮೀಟರು ಇತ್ತು. 4.00 ಹಾಕಿದರೆ ಪ್ರತಿ ಪಕ್ಕದಲ್ಲೂ ಒಂಬತ್ತೂವರೆ ಹೆಚ್ಚುತ್ತದೆ. ಅಲ್ಲಿಗೆ ಲೆಕ್ಕ ಮುಗಿಯಿತು. 3.50 ಆದರೆ ಮೂರು ಹೆಚ್ಚಿ ಐದು ಉಳಿಯುತ್ತದೆ. ಮೇಲೆ ಮಡ್ಗಾರ್ಡಿನ ಕಡೆಯೂ ನೋಡಬೇಕು. ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಗುಂಡಿಗೆ ಬಿದ್ದಾಗ ಚಕ್ರ ಎಲ್ಲಿಯವರೆಗೆ ಮೇಲೇಳುವುದೋ ಅಲ್ಲಿಯವರೆಗೆ ಕೈಯಿಂದಲೇ ಎತ್ತಿ ನೋಡಿದೆವು. ಪಂಕ್ಚರಾದ ದಿನ ಚಕ್ರವನ್ನು ಹೊರಕ್ಕೆ ಎಳೆಯಲು ಬಂದೀತೇ ಎಂಬುದನ್ನೂ ಆಗಲೇ ಪರೀಕ್ಷಿಸುವುದು ಜಾಣತನ.

ಇನ್ನು ರಿಮ್ಮು. ನಮ್ಮ ಹಿರಿಯರು ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದದ್ದು ಟೈರಿಗೂ ಸಲ್ಲುತ್ತದೆ. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಅದರ ಎರಡು ಅಂಚುಗಳು ಹತ್ತಿರ ಬಂದು, ನೆತ್ತಿ ಉಬ್ಬುತ್ತದೆ. ದುಡ್ಡು ಕೊಟ್ಟ ಅಗಲದಲ್ಲಿ ಒಂದು ಪಾಲು ನೆಲವನ್ನೇ ಮುಟ್ಟುವುದಿಲ್ಲ. ಒಂದೊಂದು ಟೈರಿಗೆ ಯಾವ ಯಾವ ಅಗಲದ ರಿಮ್ಮು ಸಲ್ಲುತ್ತದೆ ಎಂಬ ಪಟ್ಟಿಯನ್ನು ತಯಾರಕರೇ ಕೊಡುತ್ತಾರೆ. ಕೊಳ್ಳುವ ಮುಂಚೆ ಅದನ್ನು ನೋಡಿಕೊಳ್ಳಬೇಕು. ಟೈರು ಅಗಲವಾದಷ್ಟೂ ಅದೇ ತಿರುವಿನಲ್ಲಿ ಅದೇ ವೇಗಕ್ಕೆ ಗಾಡಿಯನ್ನು ಸ್ವಲ್ಪ ಹೆಚ್ಚು ಬಾಗಿಸಬೇಕಾಗುತ್ತದೆ ಎಂಬುದೂ ನೆನಪಿರಲಿ. 3.50 ಹಾಕಿದರೆ ಚಕ್ರದ ವ್ಯಾಸ ಅರ್ಧ ಇಂಚು ಬೆಳೆದು, ಗೇರು ಶೇಕಡ 2ರಷ್ಟು ಭಾರವಾಗುತ್ತದೆ.

ಹಾಗಾದರೆ ಚಕ್ರ ಜಾರುತ್ತಿದ್ದದ್ದೇಕೆ? ಇಲ್ಲಿ ನಮ್ಮ ಕಸುಬು ನೆರವಿಗೆ ಬಂತು. ರಬ್ಬರು ಎಂಬುದು ಉದ್ದುದ್ದ ಸರಪಣಿಗಳ ಸಿಕ್ಕು. ಗಂಧಕ ಬೆರೆಸಿ ಬಿಸಿ ಮಾಡಿದಾಗ ಸರಪಣಿಗಳ ನಡುವೆ ಅಲ್ಲಲ್ಲಿ ಸೇತುವೆಗಳಾಗಿ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಗುಣ ನಿಲ್ಲುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ಆದರೆ ಕಾರ್ಖಾನೆ ಬಿಟ್ಟ ಮೇಲೂ ಶಾಖ ಮತ್ತು ಆಮ್ಲಜನಕ ಕೆಲಸ ಮುಂದುವರಿಸುತ್ತವೆ. ಹೊಸ ಸೇತುವೆಗಳು ಬೆಳೆದು ರಬ್ಬರು ಗಡುಸಾಗುತ್ತದೆ. ಗಾಳಿಯಲ್ಲಿರುವ ಓಜೋನು, ಎಳೆತಕ್ಕೆ ಸಿಕ್ಕ ಕಡೆ ಸರಪಣಿಗಳನ್ನೇ ತುಂಡರಿಸಿ ಸಣ್ಣ ಬಿರುಕು ಮೂಡಿಸುತ್ತದೆ. ಇದನ್ನು ತಡೆಯಲೆಂದೇ ಬೆರೆಸಿದ ಮೇಣ ಮತ್ತು ರಾಸಾಯನಿಕಗಳು ವರ್ಷ ಕಳೆದಂತೆ ಮುಗಿದುಹೋಗುತ್ತವೆ. ಓಡದೆ ನಿಂತ ಗಾಡಿಗೂ ಈ ಮುಪ್ಪು ತಪ್ಪಿದ್ದಲ್ಲ.

ಟೈರಿನ ಪಕ್ಕದಲ್ಲಿ ಅದರ ಜಾತಕವೇ ಇರುತ್ತದೆ. 2000ದಿಂದೀಚಿನ ಟೈರುಗಳಲ್ಲಿ ನಾಲ್ಕು ಅಂಕಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಮಿತ್ರರ ಟೈರಿನಲ್ಲಿ ಇದ್ದದ್ದು 2308. ಅಂದರೆ 2008ನೇ ಇಸವಿಯ 23ನೆಯ ವಾರ! ಗೀರುಗಳು ಇನ್ನೂ ಆಳವಾಗಿಯೇ ಇದ್ದುವು, ಹೊಳಪೂ ಇತ್ತು. ಉಗುರಿನಿಂದ ಒತ್ತಿದರೆ ಮಾತ್ರ ಹಲಗೆಯನ್ನು ಒತ್ತಿದಂತೆ. ಇಂಥ ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯಲಾರದು. ಅದನ್ನೇ ಎರಡರಷ್ಟು ಅಗಲ ಮಾಡಿದರೂ ಒದ್ದೆ ರಸ್ತೆಯಲ್ಲಿ ನಂಬುವಂತಿಲ್ಲ.

ಕೊನೆಗೆ ರಿಮ್ಮಿನ ಅಗಲ ಪಟ್ಟಿಗೆ ಹೊಂದಿದ್ದರಿಂದ 3.50ರ ಹೊಸ ಟೈರನ್ನೇ ಹಾಕಿದೆವು. ಹೊಸ ಟ್ಯೂಬು, ಕಡ್ಡಿಗಳ ತಲೆ ಟ್ಯೂಬನ್ನು ಚುಚ್ಚದಂತೆ ಹೊಸ ರಬ್ಬರು ಪಟ್ಟಿ, ಅಂಚಿಗೆ ಸೋಪಿನ ನೀರು. ಮುಂದಿನ ಟೈರೂ ಅದೇ ವಯಸ್ಸಿನದಾದ್ದರಿಂದ ಅದನ್ನೂ ಬದಲಿಸಿದೆವು, ಅಳತೆ ಮೊದಲಿನದೇ. ಈಗ ಒದ್ದೆ ರಸ್ತೆಯಲ್ಲೂ ಗಾಡಿ ಹಿಡಿತ ಬಿಡುವುದಿಲ್ಲ. ಅದರ ಶ್ರೇಯಸ್ಸು ಹೆಚ್ಚಾದ ಆರು ಮಿಲಿಮೀಟರಿಗಿಂತ ಹೊಸ ರಬ್ಬರಿಗೇ ಸೇರಬೇಕೆಂದು ನಮ್ಮ ಅಭಿಪ್ರಾಯ. 3.25ರ ಹೊಸ ಟೈರೇ ಹಾಕಿದ್ದರೂ ಸಾಕಾಗುತ್ತಿತ್ತು.

ನಮ್ಮಲ್ಲಿ ಅನೇಕರ ಊರಿನ ಮನೆಗಳಲ್ಲಿ, ವರ್ಷಕ್ಕೊಮ್ಮೆ ಹೋದಾಗ ಮಾತ್ರ ಹೊರಬರುವ ಸ್ಕೂಟರೋ ಮೋಟರ್ ಸೈಕಲ್ಲೋ ಇದ್ದೇ ಇರುತ್ತದೆ. ಮುಂದಿನ ಸಲ ಹೋದಾಗ ಕೀಲಿಕೈ ಕೇಳುವ ಮುಂಚೆ, ಒಮ್ಮೆ ಬಗ್ಗಿ ಆ ನಾಲ್ಕು ಅಂಕಿಗಳನ್ನು ಓದಿ.